ಕಾಲಿಡದ ಊರಿನ ಪರಿಚಯ ಬರೆಯುವುದು ಹೇಗೆ

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಹ್ಯಾಂಡ್‌ಬಿಲ್ಲು, ಮಾರ್ಚ್ ಬಂತೆಂದರೆ ಕಾಲೇಜುಗಳ ಸ್ಮರಣ ಸಂಚಿಕೆ. ಸಂಚಿಕೆ ಅಂದಮೇಲೆ ಒಂದಾದರೂ ಊರಿನ ಪರಿಚಯ ಇದ್ದೇ ಇರುತ್ತದೆ. ಎಷ್ಟು ಊರು ಟೈಪ್ ಮಾಡಿದ್ದೇನೋ ಲೆಕ್ಕವಿಲ್ಲ, ಮೊದಲ ಸಾಲು ಮಾತ್ರ ಒಂದೇ: 'ಪ್ರಕೃತಿಯ ಮಡಿಲಲ್ಲಿ ಪವಡಿಸಿರುವ ನಮ್ಮ ಊರು...' ಬಿಸಿಲಿಗೆ ಬಿರಿದ ಎರೆ ಹೊಲದ ನಡುವಿನ ಊರೂ ಪವಡಿಸಿರುತ್ತದೆ, ಬಸ್ ಸ್ಟ್ಯಾಂಡಿನ ಧೂಳಲ್ಲಿ ಮುಳುಗಿದ ಊರೂ ಪವಡಿಸಿರುತ್ತದೆ. ಈಗೀಗ ಆ ಸಾಲನ್ನು ನಾನು ಕೇಳದೇ ಅಳಿಸುತ್ತೇನೆ. ಇವತ್ತಿನವರೆಗೆ ಯಾರೂ ಬಂದು ಜಗಳ ತೆಗೆದಿಲ್ಲ.

ತಮ್ಮೂರಿನ ಬಗ್ಗೆ ಬರೆಯುವವರಿಗೆ ನಾನು ಹೆಚ್ಚು ಹೇಳಬೇಕಿಲ್ಲ, ಕಣ್ಣೆದುರಿಗೇ ಇದೆ. ಕಷ್ಟ ಇರುವುದು ನೋಡದ ಊರಿನ ಬಗ್ಗೆ ಬರೆಯುವವರಿಗೆ. ನಾನೂ ಒಮ್ಮೆ ಬರೆದೆ, ತಪ್ಪಿದೆ, ಮತ್ತೆ ಬರೆದೆ. ಊರಿನ ಹೆಸರು ತಲಿಸಾಯ್. ಫಿಲಿಪ್ಪೀನ್ಸಿನ ಲುಝೋನ್ ದ್ವೀಪದಲ್ಲಿ, ಬತಾಂಗಸ್ ಪ್ರಾಂತ್ಯದಲ್ಲಿ, ತಆಲ್ ಎಂಬ ಸರೋವರದ ಉತ್ತರ ದಂಡೆಯಲ್ಲಿದೆ. ಸರೋವರದ ನಡುವೆ ಒಂದು ದ್ವೀಪ, ಆ ದ್ವೀಪವೇ ಜ್ವಾಲಾಮುಖಿ.

ಅದರ ಗಂಟು ನನಗೆ ಬಿದ್ದದ್ದು ಹೀಗೆ. ನಮ್ಮಕ್ಕನ ಮಗಳು ಮನಿಲಾದಲ್ಲಿ ಎಂಬಿಬಿಎಸ್ ಓದುತ್ತಿದ್ದಳು. 2020ರ ಜನವರಿ 12, ರವಿವಾರ. ರಾತ್ರಿ ಫೋನು: "ಮಾಮಾ, ಟೆರೇಸಿನ ಮ್ಯಾಲೆ ಒಣಗ ಹಾಕಿದ್ದ ಬಟ್ಟಿ ಎಲ್ಲಾ ಬೂದಿ ಆಗ್ಯಾವ್ರಿ." ಅಕ್ಕ ಪಕ್ಕದಲ್ಲೇ ಕೂತಿದ್ದಳು. 'ಬಟ್ಟೆ ಬೂದಿಯಾಗಿವೆ' ಎಂದರೆ ಸುಟ್ಟುಹೋಗಿವೆ ಅಂತ ತಿಳಿದು ಗಾಬರಿಬಿದ್ದು "ಮೊದಲ ವಿಮಾನಕ್ಕ ಬಾ" ಅಂದಳು. ವಿಮಾನವಾದರೂ ಎಲ್ಲಿಂದ ಬರಬೇಕು? ಬೂದಿ ಬಿದ್ದು ಮನಿಲಾದ ವಿಮಾನ ನಿಲ್ದಾಣವೇ ಬಂದಾಗಿತ್ತು. ಮನಿಲಾದಿಂದ ತಆಲ್ ಜ್ವಾಲಾಮುಖಿ ಎಷ್ಟು ದೂರ ಅಂತ ನೋಡಿದೆ. ಬಾಗಲಕೋಟೆಯಿಂದ ವಿಜಯಪುರಕ್ಕೆ ಹೋದಷ್ಟೂ ಇಲ್ಲ. ಆಗ ನನ್ನ ತಲೆಗೆ ಹೊಕ್ಕ ಪ್ರಶ್ನೆ: ಇಷ್ಟು ದೂರದ ಮನಿಲಾದಲ್ಲೇ ಹೀಗಾದರೆ ಆ ನೀರಿನ ದಂಡೆಯ ಮೇಲೇ ಇರುವ ಊರಿನವರ ಗತಿ ಏನು? ಅದೇ ಮಾರ್ಚಿನಲ್ಲಿ ಒಂದು ಕಾಲೇಜಿನ ಸಂಚಿಕೆಗೆ ನಾಲ್ಕು ಪುಟ ಕಡಿಮೆ ಬಿತ್ತು. "ಏನರ ತುಂಬ್ರಿ" ಅಂದರು. ತಲಿಸಾಯ್ ತುಂಬಿದೆ.

ನೀವು ಇಂಥದ್ದಕ್ಕೆ ಕೈಹಾಕುವುದಾದರೆ ಮೊದಲ ದಿನವನ್ನು ಪೂರ್ತಿ ಹೆಸರಿಗೇ ಇಡಿ. ನಾನು ಇಡಲಿಲ್ಲ. ಜನಸಂಖ್ಯೆ ಹುಡುಕಿದೆ, ಎರಡು ಲಕ್ಷದ ಮೇಲೆ ಅಂತ ಸಿಕ್ಕಿತು, ಹಾಕಿದೆ. ಅಚ್ಚಾದ ಮೇಲೆ ಗೊತ್ತಾಯಿತು, ಅದು ಸೆಬು ದ್ವೀಪದ ತಲಿಸಾಯ್ ನಗರ. ಆ ದೇಶದಲ್ಲಿ ತಲಿಸಾಯ್‌ಗಳು ನಾಲ್ಕಾದರೂ ಇವೆ. ನನ್ನ ಊರಿನದು ಐವತ್ತು ಸಾವಿರದೊಳಗೆ. ನಗಬೇಡಿ, ದೇವನಹಳ್ಳಿಯ ಹತ್ತಿರದ ವಿಜಯಪುರಕ್ಕೆ ಗೋಲಗುಮ್ಮಟ ಕೊಟ್ಟ ಪುಣ್ಯಾತ್ಮರ ಹಸ್ತಪ್ರತಿಯನ್ನೂ ನಾನು ನೋಡಿದ್ದೇನೆ.

ತಆಲ್ ಎಂಬ ಹೆಸರಲ್ಲೂ ಇದೇ ಗೋಜಲು. ತಆಲ್ ಜ್ವಾಲಾಮುಖಿ ಬೇರೆ, ತಆಲ್ ಸರೋವರ ಬೇರೆ, ತಆಲ್ ಪಟ್ಟಣ ಬೇರೆ. ಆ ಪಟ್ಟಣ ಈಗ ಸರೋವರದ ದಂಡೆಯಲ್ಲೇ ಇಲ್ಲ. ಯಾಕಿಲ್ಲ ಅನ್ನುವುದು ಮುಂದೆ ಬರುತ್ತದೆ. ಹೆಸರನ್ನು ಅಲ್ಲಿಯವರು ತ-ಆಲ್ ಎಂದು ಎರಡು ಉಸಿರಿನಲ್ಲಿ ಹೇಳುತ್ತಾರಂತೆ, ಹಾಗಾಗಿ 'ತಾಲ್' ಎಂದು ಬರೆಯಬೇಡಿ.

ಹೆಸರಿನ ಅರ್ಥ ಸಿಕ್ಕರೆ ಬಿಡಬೇಡಿ. ತಲಿಸಾಯ್ ಎಂದರೆ ಒಂದು ಮರ. ಚಿತ್ರ ನೋಡಿದೆ: ಅಂತಸ್ತು ಅಂತಸ್ತಾಗಿ ಕೈ ಚಾಚಿದ ಟೊಂಗೆ, ಅಂಗೈಗಿಂತ ಅಗಲದ ಎಲೆ, ಉದುರುವ ಮುಂಚೆ ಕೆಂಪಾಗುತ್ತದೆ. ಅರೇ, ಇದು ನಮ್ಮ ಸಾಲಿ ಅಂಗಳದ ಬಾದಾಮಿ ಗಿಡ! ಕಾಯಿ ಕಲ್ಲಿನಿಂದ ಜಜ್ಜಿ ಒಳಗಿನ ಎಳೆ ಬೀಜ ತಿನ್ನಲು ಹೋಗಿ ಹೆಬ್ಬೆರಳು ಜಜ್ಜಿಕೊಂಡವರೆಲ್ಲ ಕೈ ಎತ್ತಿ. ಅಂದರೆ ಫಿಲಿಪ್ಪೀನ್ಸಿನ ಕೆರೆದಂಡೆಯಲ್ಲೊಂದು 'ಬಾದಾಮಿ' ಊರು. ನಮ್ಮ ಜಿಲ್ಲೆಯಲ್ಲೂ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಬಾದಾಮಿ ಇದ್ದೇ ಇದೆ. ನಮ್ಮದರ ಹಳೆಯ ಹೆಸರು ವಾತಾಪಿ, ಅದಕ್ಕೂ ಈ ಗಿಡಕ್ಕೂ ಸಂಬಂಧ ಕಟ್ಟಲು ಹೋಗಬೇಡಿ. ಆದರೆ ನಮ್ಮ ಕಡೆಯ ಓದುಗನಿಗೆ ತಲಿಸಾಯ್ ನೆನಪಿರಬೇಕಾದರೆ ಇಷ್ಟು ಕೊಂಡಿ ಸಾಕು.

ಆಮೇಲೆ ನಕ್ಷೆ. ಕಂಪ್ಯೂಟರಿನಲ್ಲಿ ನೋಡಿ ಬಿಡುವುದಲ್ಲ. ಪ್ರಿಂಟ್ ತೆಗೆದು, ಮೇಲೆ ಬಟರ್ ಪೇಪರ್ ಇಟ್ಟು ಪೆನ್ಸಿಲಿನಿಂದ ಸರೋವರದ ಅಂಚನ್ನು ಎಳೆಯಿರಿ. ಕೈ ಓಡಿದಂತೆ ತಲೆಯೂ ಓಡುತ್ತದೆ. ಹಾಗೆ ಎಳೆಯುವಾಗಲೇ ನನಗೆ ತಿಳಿದದ್ದು, ಆ ಸರೋವರವೇ ಒಂದು ದೊಡ್ಡ ಜ್ವಾಲಾಮುಖಿಯ ಕುಸಿದ ಹೊಟ್ಟೆ ಅಂತ. ಹಿಂದಿನ ಮಹಾಸ್ಫೋಟಗಳಲ್ಲಿ ಒಳಗಿನದೆಲ್ಲ ಹೊರಬಿದ್ದು ನೆಲ ಕುಸಿಯಿತು, ತಗ್ಗಿನಲ್ಲಿ ನೀರು ನಿಂತಿತು. ಉತ್ತರದಲ್ಲಿ ಗೋಡೆಯಂತೆ ಎದ್ದಿರುವ ತಗಾಯ್ತಾಯ್ ಏಣು ಆ ಹೊಟ್ಟೆಯ ಅಂಚು. ತಲಿಸಾಯ್ ಆ ಗೋಡೆಗೂ ನೀರಿಗೂ ನಡುವಿನ ಕಿರಿದಾದ ಇಳಿಜಾರಿನಲ್ಲಿದೆ. ಸರೋವರದ ವಿಸ್ತಾರ ಸುಮಾರು 234 ಚದರ ಕಿ.ಮೀ. ದ್ವೀಪದ ನಡುವೆ ಮುಖ್ಯ ಕುಳಿ, ಕುಳಿಯಲ್ಲಿ ಮತ್ತೆ ನೀರು.

ಎತ್ತರದ ಅಂಕಿಯನ್ನು ಒಣದಾಗಿ ಹಾಕಬೇಡಿ, ಓದುಗನ ಮನೆಯ ಎತ್ತರದ ಪಕ್ಕದಲ್ಲಿಡಿ. ಈ ಜ್ವಾಲಾಮುಖಿಯ ತುದಿ ಸಮುದ್ರಮಟ್ಟದಿಂದ 311 ಮೀಟರು. ನಮ್ಮ ಆಲಮಟ್ಟಿ ತುಂಬಿದಾಗ ನೀರು ನಿಲ್ಲುವುದು 519.60 ಮೀಟರಿಗೆ. ಆ ಬೆಂಕಿಗುಡ್ಡ ನಮ್ಮ ಹಿನ್ನೀರಿಗಿಂತ ಗಿಡ್ಡ! ಆ ಸಾಲು ಟೈಪ್ ಮಾಡುವಾಗ ನಮ್ಮ ಅಂಗಡಿಯ ಹುಡುಗ ಕೈ ನಿಲ್ಲಿಸಿ ನನ್ನ ಮುಖ ನೋಡಿದ. ಅಂಕಿ ಕೆಲಸ ಮಾಡಿತು ಅಂತ ಆಗ ತಿಳಿಯಬೇಕು.

ಮೂರನೆಯದು ನೀರು. ಯಾವ ಊರೇ ಆಗಲಿ, ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಅಂತ ಬೆನ್ನುಹತ್ತಿ. ಅರ್ಧ ಇತಿಹಾಸ ಅಲ್ಲೇ ಸಿಗುತ್ತದೆ. ತಆಲ್ ಸರೋವರದಿಂದ ಹೊರಬೀಳುವುದು ಪನ್ಸಿಪಿಟ್ ಎಂಬ ಒಂದೇ ಹೊಳೆ, ಹೋಗಿ ಸೇರುವುದು ಬಲಾಯಾನ್ ಕೊಲ್ಲಿಗೆ. ಒಂದು ಕಾಲಕ್ಕೆ ಸರೋವರವೇ ಆ ಕಡಲಿನ ಒಂದು ತೋಳಾಗಿತ್ತು, ಉಪ್ಪುನೀರು. 1754ರ ಮೇ ತಿಂಗಳಲ್ಲಿ ಶುರುವಾದ ಸ್ಫೋಟ ಡಿಸೆಂಬರ್‌ತನಕ ನಿಲ್ಲಲಿಲ್ಲ. ಉಗುಳಿದ ಬೂದಿ, ಕಲ್ಲು ಬಿದ್ದು ಕಡಲಿನ ದಾರಿ ಕಟ್ಟಿಕೊಂಡಿತು, ಹೊಳೆಯಷ್ಟೇ ಉಳಿಯಿತು. ಮಳೆನೀರು ತುಂಬುತ್ತ ತುಂಬುತ್ತ ಸರೋವರ ಸಿಹಿಯಾಯಿತು. ಒಳಗೆ ಸಿಕ್ಕಿಬಿದ್ದ ಕಡಲಿನ ಜೀವಗಳು ಸಿಹಿನೀರಿಗೇ ಒಗ್ಗಿಕೊಂಡವು. ತವಿಲಿಸ್ ಎಂಬ ಮೀನು ಅದರಲ್ಲೊಂದು. ನಮ್ಮ ಕರಾವಳಿಯವರ ಬೂತಾಯಿಯ ಬಳಗದ್ದು. ಆ ಬಳಗವೆಲ್ಲ ಉಪ್ಪುನೀರಿನದು, ಇದೊಂದು ಮಾತ್ರ ಸಿಹಿನೀರಿನದು, ಅದೂ ಜಗತ್ತಿನಲ್ಲಿ ಈ ಒಂದು ಸರೋವರದಲ್ಲಿ ಮಾತ್ರ. ಈಗ ಅಳಿವಿನ ಅಂಚಿನ ಪಟ್ಟಿ ಸೇರಿದೆ. ಸಿಹಿನೀರಲ್ಲಿ ಬದುಕುವ ಕಡಲ ಹಾವೂ ಒಂದಿದೆ. ತಲಿಸಾಯ್ ದಂಡೆಯ ಬೆಸ್ತರ ಬುತ್ತಿ ಈ ನೀರಿನಲ್ಲೇ: ಬಲೆಯ ತವಿಲಿಸ್, ಪಂಜರದಲ್ಲಿ ಸಾಕುವ ತಿಲಾಪಿಯಾ.

ಇಲ್ಲೊಂದು ಶಬ್ದದ ತಕರಾರು. ನಾನು ಮೊದಲು 'ತಆಲ್ ಕೆರೆ' ಅಂತಲೇ ಬರೆದಿದ್ದೆ. ಕೆರೆ ಅಂದಕೂಡಲೇ ನಮ್ಮವರಿಗೆ ಏರಿ, ತೂಬು, ಕೋಡಿ ಕಾಣುತ್ತವೆ, ಯಾರೋ ಕಟ್ಟಿಸಿದ್ದು. ಕಟ್ಟಿಸದೇ ಆದದ್ದಕ್ಕೆ ಸರೋವರ ಅನ್ನುವುದೇ ಲೇಸು, ಸ್ವಲ್ಪ ಪುಸ್ತಕದ ವಾಸನೆ ಬಂದರೂ.

ಈಗ ಇಸವಿಗಳು. ಸಂಚಿಕೆಯ ಲೇಖನಗಳಲ್ಲಿ ಇಸವಿಗಳು ಸಂತೆಯ ಉಳ್ಳಾಗಡ್ಡಿಯಂತೆ ರಾಶಿ ಬಿದ್ದಿರುತ್ತವೆ. ನೀವು ಒಂದೊಂದರ ಮುಂದೆ ಒಂದೇ ಪ್ರಶ್ನೆ ಬರೆದುಕೊಳ್ಳಿ: ಆಗ ಊರು ಏನು ಮಾಡಿತು? ಉತ್ತರ ಸಿಗದ ಇಸವಿಯನ್ನು ಕೈಬಿಡಿ. 1754ಕ್ಕೆ ಉತ್ತರ ಸಿಕ್ಕಿತು. ತಆಲ್, ಲಿಪಾ, ತನಾವಾನ್, ಈ ಪಟ್ಟಣಗಳು ಆಗ ಸರೋವರದ ದಂಡೆಯಲ್ಲೇ ಇದ್ದವು. ಹೂತುಹೋದ ಮೇಲೆ ಜನ ದೂರ ಸರಿದು, ಅದೇ ಹೆಸರಿನ ಊರುಗಳನ್ನು ಬೇರೆ ನೆಲದಲ್ಲಿ ಕಟ್ಟಿಕೊಂಡರು. ತಆಲ್ ಪಟ್ಟಣ ಸರೋವರ ಬಿಟ್ಟು ಕಡಲಿನ ಕಡೆ ಹೋದದ್ದು ಹಾಗೆ.

ಈ ಒಂದು ಸಾಲನ್ನು ನಾನು ಅರ್ಧ ದಿನ ತಿದ್ದಿದೆ. ಯಾಕೆಂದರೆ ನಾನು ಮುಳುಗಡೆಯವನು. ನಮ್ಮ ಮನೆ ಹಳೇ ಬಾಗಲಕೋಟೆಯಲ್ಲಿ, ಘಟಪ್ರಭೆಯ ಕಡೆ ಇತ್ತು. ಆಲಮಟ್ಟಿಯ ಹಿನ್ನೀರು ಬರುತ್ತದೆಂದು ಊರಿನ ತಗ್ಗಿನ ಭಾಗವನ್ನೆಲ್ಲ ಎಬ್ಬಿಸಿದರು. ಅಪ್ಪ ಬಾಗಿಲ ಚೌಕಟ್ಟು ಕಿತ್ತು ತಂದು ನವನಗರದ ಮನೆಗೆ ಕೂಡಿಸಿದರು. ಮನೆ ಹೊಸದು, ಚೌಕಟ್ಟು ಮಾತ್ರ ಹಳೇದು. ಎತ್ತರ ಹೊಂದದೆ ಮೇಲೊಂದು ಗೇಣು ಸಿಮೆಂಟು ತುಂಬಿದ್ದು ಇವತ್ತಿಗೂ ಕಾಣುತ್ತದೆ. ಅವ್ವ ಸಾಯುವತನಕ ವಿಳಾಸ ಹೇಳುವಾಗ ಸೆಕ್ಟರಿನ ನಂಬರು ಹೇಳಲಿಲ್ಲ, ಹಳೇ ಓಣಿಯ ಹೆಸರೇ. ನಮಗಾದರೆ ನೀರು ಬರುವ ತಾರೀಖು ಮೊದಲೇ ಗೊತ್ತಿತ್ತು. 1754ರ ಆ ಜನರಿಗೆ ಗೊತ್ತಿರಲಿಲ್ಲ. 'ಪಟ್ಟಣಗಳನ್ನು ಸ್ಥಳಾಂತರಿಸಲಾಯಿತು' ಎಂದು ಟೈಪ್ ಮಾಡಿದ್ದನ್ನು ಹೊಡೆದುಹಾಕಿ, 'ಜನ ಹೆಸರನ್ನು ಹೊತ್ತುಕೊಂಡು ಹೋದರು' ಎಂದು ಹಾಕಿದೆ. ಇಂಥ ಕಡೆ ನಿಮ್ಮ ಬಾಳು ಬಂದು ಬಾಗಿಲು ಬಡಿದರೆ ಒಳಗೆ ಕರೆಯಿರಿ, ಒಂದು ಸಾಲಿನಷ್ಟು. ಅಚ್ಚಿನಲ್ಲಿ ಚೌಕಟ್ಟಿನ ಕಥೆ ಇರಲಿಲ್ಲ.

ಉಳಿದ ಇಸವಿಗಳು ಬೇಗ ಮುಗಿಯುತ್ತವೆ. 1911ರ ಜನವರಿ 30ರ ಸ್ಫೋಟದಲ್ಲಿ ಸತ್ತವರು 1,335 ಮಂದಿ ಎಂಬುದು ದಾಖಲಾದ ಲೆಕ್ಕ. 1965ರಲ್ಲಿ ಮತ್ತೆ, 1977ರಲ್ಲಿ ಮತ್ತೆ, ನಂತರ 43 ವರ್ಷ ಸುಮ್ಮನಿದ್ದು 2020. ಅದಾದ ಮೇಲೂ 2021ರ ಜುಲೈ, 2022ರ ಮಾರ್ಚಿನಲ್ಲಿ ಗುಡುಗಿದೆ.

ಸ್ಫೋಟ ಯಾಕಾಗುತ್ತದೆ ಅನ್ನುವುದನ್ನು ಅಡಿಗಿಮನಿಯಿಂದ ಹೇಳಿ. ಕಾದ ರೊಟ್ಟಿ ಹಂಚಿನ ಮೇಲೆ ನೀರು ಬಿದ್ದರೆ ಚುರ್ ಅಂತ ಎಗರುತ್ತದಲ್ಲ, ಅದೇ. ಸುತ್ತ ಸರೋವರ, ಕುಳಿಯಲ್ಲೂ ನೀರು, ಕೆಳಗೆ ಕಾದ ಕಲ್ಲು. ನೀರು ಕ್ಷಣದಲ್ಲಿ ಉಗಿಯಾಗಿ ಹಿಗ್ಗಿ ಮೇಲಿನ ಬಂಡೆಯನ್ನೇ ಪುಡಿಮಾಡಿ ಒಗೆಯುತ್ತದೆ. ತಆಲ್ ಇಷ್ಟು ಗಿಡ್ಡವಾಗಿದ್ದೂ ಇಷ್ಟು ಕೆಟ್ಟದಾಗಿರುವುದಕ್ಕೆ ಈ ನೀರೇ ಮುಖ್ಯ ಕಾರಣ. 1965ರಲ್ಲಿ ಉಗಿ, ಬೂದಿಯ ಮೋಡ ಮೇಲಕ್ಕೆ ಹೋದದ್ದಷ್ಟೇ ಅಲ್ಲದೆ ನೆಲ ಹಿಡಿದು, ನೀರಿನ ಮೇಲೆ ಅಡ್ಡಡ್ಡ ಓಡಿತ್ತು. ಸರೋವರ ಅಡ್ಡ ಇದೆ, ನಮಗೇನಾಗುತ್ತದೆ ಅಂತ ಆಚೆ ದಂಡೆಯವರು ಕೂರುವ ಹಾಗಿಲ್ಲ.

ಸೊಸೆ, ಅದೇ ಮನಿಲಾದ ಅಕ್ಕನ ಮಗಳು, ಊರಿಗೆ ಬಂದಾಗ ಆ ಬೂದಿಯನ್ನು ಗುಳಿಗೆ ಡಬ್ಬಿಯಲ್ಲಿ ಒಂದಿಷ್ಟು ತಂದಿದ್ದಳು. ಅದನ್ನು ನೋಡಿದ ಮೇಲೆ ಒಂದು ಪುಟ ಪೂರ್ತಿ ತಿದ್ದಬೇಕಾಯಿತು. ನಾನು 'ಬೂದಿಯ ಹೂಮಳೆ' ಎಂದು ಬರೆದುಬಿಟ್ಟಿದ್ದೆ, ಕವಿತ್ವ! ಒಲೆಯ ಬೂದಿ ಬೆರಳಿಗೆ ಮೆತ್ತಗೆ ಹತ್ತುತ್ತದೆ, ಊದಿದರೆ ಹಾರುತ್ತದೆ. ಇದನ್ನು ಉಜ್ಜಿದರೆ ಗರಗರ. ಲೋಟದ ನೀರಿಗೆ ಚಿಟಿಕೆ ಹಾಕಿದೆ. ಕರಗಲಿಲ್ಲ, ತಳಕ್ಕೆ ಹೋಗಿ ಸಿಮೆಂಟಿನ ಬಣ್ಣಕ್ಕೆ ಕೂತಿತು. ಸ್ಟೀಲಿನ ತಾಟಿನ ಹಿಂಬದಿಗೆ ಒತ್ತಿ ಎಳೆದೆ; ಕೂದಲೆಳೆಯಂಥ ಗೆರೆಗಳು ಬಿದ್ದವು. ಮನೆಯವಳು ಬೈದದ್ದು ಬೇರೆ ಮಾತು. ಇದು ಸುಟ್ಟದ್ದರ ಬೂದಿಯೇ ಅಲ್ಲ, ಕಲ್ಲಿನ ಮತ್ತು ಗಾಜಿನ ಪುಡಿ. ಮಳೆ ಬಿದ್ದರೆ ನೆನೆದು ಭಾರವಾಗಿ ಸೂರು ಕುಸಿಯುತ್ತದೆ. ನಮಗೆ ಬೇರೆ ಶಬ್ದವಿಲ್ಲ, ಬೂದಿ ಅಂತಲೇ ಬರೆಯಬೇಕು. ಆದರೆ ಮೊದಲ ಸಲ ಬಂದ ಕಡೆ 'ಕಲ್ಲಿನ ಪುಡಿ' ಅಂತ ಬಿಡಿಸಿ ಹೇಳಿ. ಆ ವಸ್ತು ನಿಮ್ಮ ಕೈಗೆ ಸಿಗದಿದ್ದರೆ ಅದನ್ನು ಗುಡಿಸಿದವರನ್ನು ಹುಡುಕಿ ಕೇಳಿ. ಮುಟ್ಟದ್ದಕ್ಕೆ ಹೋಲಿಕೆ ಕೊಡಬೇಡಿ.

ಆಡಳಿತದ ಭಾಗ ಬೇಸರದ್ದು, ಆದರೂ ಅಲ್ಲೊಂದು ಗುಂಡಿ ಇದೆ. ತಲಿಸಾಯ್ 'ಮುನಿಸಿಪಾಲಿಟಿ'. ನಾನು ಪುರಸಭೆ ಅಂತ ಬರೆದೆ. ನಮ್ಮಲ್ಲಿ ಪುರಸಭೆ ಎಂದರೆ ಪಟ್ಟಣದ ಸರಹದ್ದು ಮಾತ್ರ, ಆಚೆಗೆ ಗ್ರಾಮ ಪಂಚಾಯಿತಿ. ಅಲ್ಲಿ ಹಾಗಲ್ಲ. ಪೇಟೆಯೂ ಸುತ್ತಲಿನ ಹಳ್ಳಿಗಳೂ ಸೇರಿ ಒಂದು ಮುನಿಸಿಪಾಲಿಟಿ. ಒಳಗಿನ ಸಣ್ಣ ಸಣ್ಣ ಭಾಗಗಳಿಗೆ ಬರಂಗಾಯ್ ಅನ್ನುತ್ತಾರೆ. ಮೇಯರನ್ನು ಜನರೇ ನೇರ ಮೂರು ವರ್ಷಕ್ಕೆ ಆರಿಸುತ್ತಾರೆ, ನಮ್ಮಲ್ಲಿಯಂತೆ ಸದಸ್ಯರು ಕೂತು ಅಧ್ಯಕ್ಷರನ್ನು ಆರಿಸುವುದಲ್ಲ. ಹಾಗಾಗಿ ತಲಿಸಾಯ್ ಜನಸಂಖ್ಯೆಯನ್ನು ಬಾದಾಮಿ ಪುರಸಭೆಯ 2011ರ ಸುಮಾರು 31 ಸಾವಿರದ ಪಕ್ಕ ಇಟ್ಟು 'ಅದು ದೊಡ್ಡದು' ಎನ್ನುವುದು ಸೇರನ್ನು ಮೊಳದಿಂದ ಅಳೆದಂತೆ. ಯಾವ ಜನಸಂಖ್ಯೆ ಬರೆದರೂ ಇಸವಿ ಸೇರಿಸಿ. ಫಿಲಿಪ್ಪೀನ್ಸಿನ 2020ರ ಜನಗಣತಿಯ ಲೆಕ್ಕ ಮೇ 1ರದು, ಅಂದರೆ ಸ್ಫೋಟದ ನಂತರದ್ದು. ಅದಕ್ಕೆ 2015ರದನ್ನೂ ಪಕ್ಕದಲ್ಲಿಡುವುದು ಒಳ್ಳೆಯದು.

ಕೊನೆಗೆ, ಜನ ಅಲ್ಲಿ ಯಾಕಿದ್ದಾರೆ? ಸಂಚಿಕೆಯ ಸಂಪಾದಕರು ಕರಡು ಓದಿ ಇದನ್ನೇ ಕೇಳಿದರು: "ಅಷ್ಟ್ ಗೊತ್ತಿದ್ದೂ ಅಲ್ಲೇ ಕುಂತಾರಲ್ರಿ, ತಲಿ ಇಲ್ಲೇನು?" ಈ ಪ್ರಶ್ನೆಗೆ ಉತ್ತರವಿಲ್ಲದ ಪರಿಚಯವನ್ನು ಕೊಡಬೇಡಿ, ಬೈಗುಳದ ಉತ್ತರವನ್ನಂತೂ ಮೊದಲೇ ಬೇಡ. ಜ್ವಾಲಾಮುಖಿ ದ್ವೀಪವನ್ನು ಸರ್ಕಾರ ಕಾಯಂ ಅಪಾಯದ ವಲಯವೆಂದು ಸಾರಿ, ಮನೆ ಕಟ್ಟುವಂತಿಲ್ಲ ಎಂದಿತ್ತು. ಆದರೂ 2020ಕ್ಕೆ ಮುಂಚೆ ಸಾವಿರಾರು ಜನ ಅಲ್ಲಿದ್ದರು. ಮೀನು ಹಿಡಿಯುತ್ತಿದ್ದರು, ಪ್ರವಾಸಿಗರನ್ನು ಕುದುರೆ ಮೇಲೆ ಕುಳಿಯ ಅಂಚಿಗೆ ಹತ್ತಿಸುತ್ತಿದ್ದರು. ತಲಿಸಾಯ್‌ನಿಂದ ಅಲ್ಲಿಗೆ ದೋಣಿ. ಸೊಸೆ 2019ರಲ್ಲಿ ಗೆಳತಿಯರ ಸಂಗಡ ಹೋಗಿದ್ದಳು, ಎರಡೂ ಕಡೆ ಬಿದಿರಿನ ಕೈ ಚಾಚಿದ ದೋಣಿ, ನೀರು ಸಿಡಿದು ದಂಡೆ ಮುಟ್ಟುವುದರೊಳಗೆ ಎಲ್ಲರೂ ತೊಯ್ದಿದ್ದರಂತೆ. ಜನವರಿ 12ರಂದು ಎಚ್ಚರಿಕೆಯ ಮಟ್ಟ ಒಂದೇ ದಿನದಲ್ಲಿ 1ರಿಂದ 4ಕ್ಕೆ ಏರಿತು, ಇರುವುದೇ 5ರ ತನಕ. ಕುಳಿಯಿಂದ 14 ಕಿ.ಮೀ. ತ್ರಿಜ್ಯದೊಳಗಿನ ಊರುಗಳನ್ನು ಖಾಲಿ ಮಾಡಿಸಿದರು, ಪೂರ್ತಿ ತಲಿಸಾಯ್ ಅದರೊಳಗೆ. ಆ ಗುಡ್ಡದ ಮೇಲೆ ಹಗಲಿರುಳು ಕಣ್ಣಿಡುವ ಫಿವೋಲ್ಕ್ಸ್ ಸಂಸ್ಥೆಯ ವೀಕ್ಷಣಾಲಯ ಇರುವುದೂ ತಲಿಸಾಯ್‌ನ ಬುಕೋ ಎಂಬ ಬರಂಗಾಯ್‌ನಲ್ಲೇ.

ಸಂಪಾದಕರಿಗೆ ನಾನು ಪುಸ್ತಕದ ಉತ್ತರ ಕೊಡಲಿಲ್ಲ. ಬೇಸಿಗೆಯಲ್ಲಿ ನಮ್ಮ ಹಿನ್ನೀರು ಇಳಿದಾಗ ತೇಲಿದ ಹೊಲಕ್ಕೆ ಮತ್ತೆ ಇಳಿದು ಬಿತ್ತುವವರನ್ನು ತೋರಿಸಿದೆ. ಪರಿಹಾರದ ದುಡ್ಡು ತಿಂದು ಮುಗಿದಿದೆ, ನೆಲ ಮಾತ್ರ ವರ್ಷಕ್ಕೊಮ್ಮೆ ಮುಖ ತೋರಿಸುತ್ತದೆ, ಮಳೆಗಾಲಕ್ಕೆ ಹೋಗುತ್ತದೆ ಅಂತ ಗೊತ್ತಿದ್ದೇ ಬಿತ್ತುತ್ತಾರೆ. ಸಂಪಾದಕರೇನೂ ವಾದ ಮಾಡಲಿಲ್ಲ, ಚಹಾ ತರಿಸಿದರು. ವಿಜಯಪುರದ ಕಡೆಯ ಎರೆ ಮಣ್ಣು ಕೂಡ ಆರೂವರೆ ಕೋಟಿ ವರ್ಷದ ಹಿಂದೆ ಹರಿದ ಲಾವಾದ ಕಲ್ಲು ಸವೆದು ಆದದ್ದು. ನಾವು ತಿನ್ನುವ ಬಿಳಿಜೋಳ ಬೆಳೆಯುವುದು ಆರಿದ ಬೆಂಕಿಯ ಮೇಲೆ. ಅವರದು ಇನ್ನೂ ಆರಿಲ್ಲ, ಅಷ್ಟೇ.

ಇನ್ನು ಫೋಟೋ, ಮತ್ತು ಅದರ ಕೆಳಗಿನ ಸಾಲು. ಲೇಖನ ಓದದವರೂ ಈ ಸಾಲು ಓದುತ್ತಾರೆ, ಹಾಗಾಗಿ ಇದನ್ನು ಕೊನೆಗೆ, ನಿದ್ದೆ ಮಾಡಿ ಎದ್ದು ಬರೆಯಿರಿ. ತಆಲ್‌ನ ಚಿತ್ರಗಳು ಹೆಚ್ಚಾಗಿ ತಗಾಯ್ತಾಯ್ ಏಣಿನ ಮೇಲಿಂದ ತೆಗೆದವು, ಬಾದಾಮಿಯ ಹೊಂಡವನ್ನು ಎಲ್ಲರೂ ಗುಡ್ಡ ಹತ್ತಿಯೇ ತೆಗೆಯುವಂತೆ. ಅದರಲ್ಲಿ ನೀರಿನ ನಡುವೆ ಅಚ್ಚುಕಟ್ಟಾದ ಒಂದು ಶಂಕು ಕಾಣುತ್ತದೆ, ತುದಿ ಚಪ್ಪಟೆ, ಶಾಲೆಯ ಪುಸ್ತಕದ ಜ್ವಾಲಾಮುಖಿಯ ಹಾಗೇ. ನಾನು ಕೆಳಗೆ 'ಬೆಂಕಿ ಉಗುಳಿದ ಬಾಯಿ' ಎಂದು ಹಾಕಿದ್ದೆ. ಎರಡನೇ ಮುದ್ರಣದ ಪ್ರೂಫನ್ನು ಸೊಸೆಗೆ ವಾಟ್ಸಾಪ್ ಮಾಡಿದೆ. ಜನಸಂಖ್ಯೆ ಸರಿಯಾಗಿತ್ತು, ಬೂದಿ ಸರಿಯಾಗಿತ್ತು. ಈ ಸಾಲಿಗೆ ಕೆಂಪು ಗೆರೆ ಬಂತು: "ಮಾಮಾ, ಅದು ಅಲ್ರಿ. ಅದು ಬಾಜೂಕಿನ ಸಣ್ಣ ಗುಡ್ಡ. ಖರೇ ಬಾಯಿ ಅದರ ಹಿಂದ ಐತಿ, ಫೋಟೋದಾಗ ಸರಿಯಾಗಿ ಕಾಣಂಗಿಲ್ಲ."

ಹೀಗೆ ಅಚ್ಚಾಯಿತು: 'ತಗಾಯ್ತಾಯ್ ಏಣಿನಿಂದ ಕಂಡ ತಆಲ್ ಸರೋವರ. ಎದುರಿನ ಶಂಕು ಬಿನಿಂತಿಯಾಂಗ್ ಮಲಾಕಿ. ಸ್ಫೋಟಿಸಿದ ಕುಳಿ ಅದರ ಹಿಂದೆ, ದ್ವೀಪದ ನಡುವೆ. ತಲಿಸಾಯ್ ಏಣಿನ ಬುಡದಲ್ಲಿ, ಮರಗಳ ಮರೆಗೆ.'